ಪಾಸ್‌ಪೋರ್ಟಿನೊಳಗೆ ಒಂದು ಚೀಟಿ

ವಿದೇಶಕ್ಕೆ ಹೊರಟಿದ್ದೀರಾ? ಅಲ್ಲಿನ ತುರ್ತು ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ. ಅಮೆರಿಕ, ಕೆನಡಾಗಳಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000. ಯುರೋಪಿಯನ್ ಒಕ್ಕೂಟದ ಯಾವ ದೇಶದಲ್ಲಾದರೂ 112 ಸಾಕು, ಕರೆಯೂ ಉಚಿತ. ಎಡವುವುದು ಜಪಾನಿನಂಥ ಕಡೆ: ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕ ದಳಕ್ಕೆ 119. ಗಾಬರಿಯಲ್ಲಿ ಇವು ಅದಲುಬದಲಾಗುತ್ತವೆ.

ಮೊಬೈಲಿನಲ್ಲಿ ಉಳಿಸಿಕೊಂಡರಷ್ಟೇ ಸಾಲದು. ಬ್ಯಾಟರಿ ಕೈಕೊಡುವುದು ಅಂಥ ಹೊತ್ತಿನಲ್ಲೇ! ನಾನು ಪಾಸ್‌ಪೋರ್ಟ್ ಕವರಿನೊಳಗೆ ಒಂದು ಚೀಟಿ ಇಡುತ್ತೇನೆ. ಮೇಲೆ ದಪ್ಪಕ್ಷರದಲ್ಲಿ ತುರ್ತು ಸಂಖ್ಯೆ, ಕೆಳಗೆ ರಾಯಭಾರ ಕಚೇರಿಯದು, ಹಿಂಬದಿಯಲ್ಲಿ ಹೋಟೆಲಿನ ವಿಳಾಸ, ಅದೂ ಅಲ್ಲಿನ ಲಿಪಿಯಲ್ಲೇ. ಮಾತು ಬಾರದಿದ್ದರೆ ಪಕ್ಕದಲ್ಲಿದ್ದವರ ಕೈಗೆ ಚೀಟಿ ಕೊಟ್ಟರೆ ಅವರೇ ಓದಿ ಹೇಳುತ್ತಾರೆ. ರಾಯಭಾರ ಕಚೇರಿ ಆಂಬುಲೆನ್ಸ್ ಕಳಿಸುವುದಿಲ್ಲ. ಅದರದು ಎರಡನೆಯ ಕರೆ.