ನೆರೆ ರಾಜ್ಯದ ಹಳೆಯ ವ್ಯಾನ್ ಕೋಲಾರಕ್ಕೆ ಬರುವ ಮೊದಲು

ಕೋಲಾರ ಜಿಲ್ಲೆಯ ಗಡಿ ತಾಲ್ಲೂಕುಗಳಲ್ಲಿ ಹಳೆಯ ವ್ಯಾನ್ ಬೇಕಾದವರು ಬೆಂಗಳೂರಿನಲ್ಲಿ ಹುಡುಕುವಷ್ಟೇ ಸಹಜವಾಗಿ ಮದನಪಲ್ಲಿ, ಹೊಸೂರು, ಕೃಷ್ಣಗಿರಿಗಳಲ್ಲೂ ಹುಡುಕುತ್ತಾರೆ. ಶ್ರೀನಿವಾಸಪುರದಿಂದ ರಾಯಲ್ಪಾಡಿನ ಮೇಲೆ ಹೋದರೆ ಮದನಪಲ್ಲಿ. ಅಲ್ಲಿಯೂ ನಮ್ಮಲ್ಲಿರುವಂತೆಯೇ ದೊಡ್ಡ ಟೊಮ್ಯಾಟೊ ಮಂಡಿ, ಅದಕ್ಕೆ ದುಡಿದ ಗಾಡಿಗಳು, ನಮಗೆಲ್ಲ ಬರುವ ತೆಲುಗು. ಹೀಗಾಗಿ ಬೆಲೆ ಕುದುರಿಸುವುದು ಕಷ್ಟವಾಗುವುದಿಲ್ಲ. ಕಷ್ಟ ಎದುರಾಗುವುದು ಗಾಡಿ ಮನೆಯ ಮುಂದೆ ನಿಂತ ಮೇಲೆ, ಅದನ್ನು ನಮ್ಮ ಹೆಸರಿಗೂ ನಮ್ಮ ರಾಜ್ಯದ ನಂಬರಿಗೂ ತರಬೇಕಾದಾಗ. ಮಧ್ಯವರ್ತಿಯಿಲ್ಲದೆ ಈ ಕೆಲಸವನ್ನು ಪೂರ್ತಿಯಾಗಿ ನಾವೇ ಮಾಡಿಕೊಳ್ಳಬಹುದು, ಆದರೆ ಅದಕ್ಕೊಂದು ಕ್ರಮವಿದೆ: ಕಾಗದ ಮೊದಲು, ಪೂರ್ತಿ ಹಣ ಮತ್ತು ಗಾಡಿ ಆಮೇಲೆ.

ಈ ಕ್ರಮವನ್ನು ನಾನು ಕಲಿತದ್ದು ನಷ್ಟದಿಂದ. ಮೊದಲ ಸಲ ಪಿಕಪ್ ಕೊಂಡಾಗ ಮಾರಿದವರು ಸಾಲದ ಕಂತುಗಳನ್ನೆಲ್ಲ ಕಟ್ಟಿದ್ದರು, ರಸೀದಿಯನ್ನೂ ತೋರಿಸಿದರು. ಆದರೆ ನೋಂದಣಿ ದಾಖಲೆಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ಹಾಗೆಯೇ ಉಳಿದಿತ್ತು. ಅದನ್ನು ತೆಗೆಸದೆ ಗಾಡಿಯನ್ನು ಬೇರೆ ರಾಜ್ಯದ ನೋಂದಣಿಗೆ ಒಯ್ಯಲು ಬೇಕಾದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಸಿಗಲಿಲ್ಲ. ಪೂರ್ತಿ ಹಣ ಕೈಸೇರಿದ್ದ ಮಾರಾಟಗಾರರಿಗೆ ಓಡಾಡುವ ಅವಸರವಿರಲಿಲ್ಲ. ಟೊಮ್ಯಾಟೊ ಸುಗ್ಗಿ ಮುಗಿಯುವವರೆಗೂ ಗಾಡಿ ಶೆಡ್ಡಿನಲ್ಲೇ ನಿಂತಿತು, ನಾನು ಬಾಡಿಗೆ ಗಾಡಿಯಲ್ಲಿ ಬಾಕ್ಸ್ ಸಾಗಿಸಿದೆ.

ಆದ್ದರಿಂದ ಗಾಡಿ ನೋಡಲು ಹೊರಡುವ ಮೊದಲೇ ಅದರ ನಂಬರನ್ನು ಕೇಳಿ ಪಡೆದು, ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಬೇಕು. ನೋಂದಣಿಯ ದಿನ, ವಿಮೆ ಮತ್ತು ಎಫ್‌ಸಿಯ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರದ) ಅವಧಿ, ಸಾಲದ ನಮೂದು ಇದೆಯೇ ಎಂಬುದು ಅಲ್ಲಿ ಕಾಣುತ್ತದೆ. ಬಾಕಿ ದಂಡಗಳನ್ನು ಇ-ಚಲನ್ ತಾಣದಲ್ಲಿ ನೋಡಬಹುದು. ಸಾಲದ ನಮೂದಿದ್ದರೆ ಮಾರುವವರು ಸಾಲ ಕೊಟ್ಟವರಿಂದ ತೀರುವಳಿ ಪತ್ರವನ್ನೂ ಅವರ ಸಹಿಯಿರುವ ನಮೂನೆ 35ನ್ನೂ ಪಡೆದು ಅದನ್ನು ತೆಗೆಸಿದ ಮೇಲೆಯೇ ಮಾತು ಮುಂದುವರಿಸಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಬಿಳಿ ಬೋರ್ಡೋ ಹಳದಿ ಬೋರ್ಡೋ ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಮನೆಬಳಕೆಯ ಓಮ್ನಿ ಅಥವಾ ಈಕೋ ಖಾಸಗಿ ನೋಂದಣಿಯದಾಗಿದ್ದರೆ ಮೊದಲ 15 ವರ್ಷ ಎಫ್‌ಸಿಯ ಚಿಂತೆಯಿರುವುದಿಲ್ಲ. ಸರಕು ಸಾಗಿಸುವ ಹಳದಿ ಬೋರ್ಡಿನ ವಾಹನಕ್ಕಾದರೆ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕಾಗುತ್ತದೆ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಲ್ಲಿ ಪರ್ಮಿಟ್‌ನಿಂದ ವಿನಾಯಿತಿ ಇರುವುದರಿಂದ, ಟಾಟಾ ಏಸ್‌ನಂತಹ ಸಣ್ಣ ಗಾಡಿಯನ್ನು ಗಡಿ ದಾಟಿಸುವುದು ಸುಲಭ. ಅದಕ್ಕಿಂತ ದೊಡ್ಡದಾದರೆ ಹಳೆಯ ಪರ್ಮಿಟ್ಟನ್ನು ಅಲ್ಲಿಯೇ ಒಪ್ಪಿಸಿ, ಅಲ್ಲಿಯ ತೆರಿಗೆ ಚುಕ್ತಾ ಮಾಡಿಸಿಕೊಂಡು ಬರಬೇಕು.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ತಣ್ಣಗಿರುವ ಎಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಒಳಕ್ಕೆ ನೀರು ಹೋಗುತ್ತಿರುವ ಸಂಶಯ ಪಡಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ; 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ನಮ್ಮ ಕಡೆಯ ಗಾಡಿಗಳಲ್ಲಿ ನಾನು ಹೆಚ್ಚು ಹೊತ್ತು ನೋಡುವುದು ಹಿಂದಿನ ತೊಟ್ಟಿಯ ತಳವನ್ನು. ಒಡೆದ ಟೊಮ್ಯಾಟೊದ ಹುಳಿರಸ ವರ್ಷಗಟ್ಟಲೆ ತಗಡಿನ ಬೆಸುಗೆಯಲ್ಲಿ ಇಳಿದು ತುಕ್ಕು ಹಿಡಿಸಿರುತ್ತದೆ, ಮೇಲೆ ಹೊಸದಾಗಿ ಹಾಸಿದ ಶೀಟ್ ಅದನ್ನು ಮುಚ್ಚಿರುತ್ತದೆ. ಶೀಟ್ ಎತ್ತಿಸಿ ನೋಡಿ, ಗಾಡಿಯ ಕೆಳಗೆ ಮಲಗಿಯೂ ನೋಡಿ. ಚಾಸಿ ನಂಬರನ್ನು ನೋಂದಣಿ ಪತ್ರವಾದ ಆರ್‌ಸಿಯೊಂದಿಗೆ ಒಂದೊಂದೇ ಅಕ್ಷರವಾಗಿ ಹೋಲಿಸಿ, ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಅಕ್ಷರಗಳು ಸವೆದು ಓದಲಾಗದಿದ್ದರೆ ಎಷ್ಟೇ ಅಗ್ಗವಾದರೂ ಆ ಗಾಡಿಯನ್ನು ಬಿಟ್ಟುಬನ್ನಿ, ಏಕೆಂದರೆ ಇಲ್ಲಿಯ ಮೋಟಾರು ವಾಹನ ನಿರೀಕ್ಷಕರ ಮುಂದೆ ಅದನ್ನು ನಿಲ್ಲಿಸಿದ ದಿನ ಉತ್ತರ ಹೇಳಬೇಕಾದವರು ನೀವು.

ಗಾಡಿ ಒಪ್ಪಿಗೆಯಾದರೆ ಸಣ್ಣ ಮುಂಗಡವನ್ನಷ್ಟೇ ಬ್ಯಾಂಕಿನ ಮೂಲಕ ಕೊಟ್ಟು, ಬಾಕಿ ಹಣವನ್ನು ಎನ್‌ಒಸಿ ಬಂದ ದಿನ ಕೊಡುವುದಾಗಿ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಎನ್‌ಒಸಿಗೆ ಅರ್ಜಿ ನಮೂನೆ 28ರಲ್ಲಿ, ಕಾಯ್ದೆಯ 48ನೇ ಕಲಮಿನಂತೆ, ಗಾಡಿ ಈಗ ನೋಂದಣಿಯಾಗಿರುವ ಕಚೇರಿಗೇ ಹೋಗಬೇಕು ಮತ್ತು ಅದನ್ನು ಈಗಿನ ಮಾಲೀಕರೇ ಸಲ್ಲಿಸಬೇಕು. ತಮಿಳುನಾಡಿನ ಗಾಡಿಯಾದರೆ ಕಚೇರಿ ಯಾವುದೆಂದು ನಂಬರೇ ಹೇಳುತ್ತದೆ: ಟಿಎನ್-70 ಹೊಸೂರು, ಟಿಎನ್-24 ಕೃಷ್ಣಗಿರಿ. ಆಂಧ್ರದಲ್ಲಿ 2019ರಿಂದ ಇಡೀ ರಾಜ್ಯದ ಹೊಸ ವಾಹನಗಳಿಗೆ ಎಪಿ-39ರಿಂದ ಶುರುವಾದ ಒಂದೇ ಸರಣಿ ಬಂದಿರುವುದರಿಂದ ನಂಬರು ನೋಡಿ ಊಹಿಸಲಾಗದು, ಆರ್‌ಸಿಯನ್ನೇ ಓದಬೇಕು. ಎನ್‌ಒಸಿ ಯಾವ ಕಚೇರಿಯ ಹೆಸರಿಗೆ ಬೇಕೆಂಬುದನ್ನು ಅರ್ಜಿಯಲ್ಲಿಯೇ ಬರೆಯಬೇಕಾದ್ದರಿಂದ, ನಿಮ್ಮ ಊರು ಕೋಲಾರದ ಕೆಎ-07ಕ್ಕೆ ಸೇರುತ್ತದೆಯೋ ಕೆಜಿಎಫ್‌ನ ಕೆಎ-08ಕ್ಕೋ ಎಂದು ಮೊದಲೇ ವಿಚಾರಿಸಿಕೊಳ್ಳಿ. ಚಿಕ್ಕಬಳ್ಳಾಪುರದವರಿಗೆ ಕೆಎ-40, ಚಿಂತಾಮಣಿಗೆ ಕೆಎ-67. ತಪ್ಪು ಕಚೇರಿಯ ಹೆಸರು ಬಿದ್ದರೆ ಮತ್ತೆ ಗಡಿಯಾಚೆಗೆ ಅಲೆಯಬೇಕಾಗುತ್ತದೆ.

ಎನ್‌ಒಸಿ ಕೈಗೆ ಬಂದ ದಿನ ಬಾಕಿ ಹಣ ಕೊಡುವಾಗ ಮೂಲ ಆರ್‌ಸಿ, ಮೊದಲ ಖರೀದಿಯ ಬಿಲ್ಲು, ವಿಮೆ, ಹೊಗೆ ತಪಾಸಣೆ ಪತ್ರ, ಮಾರಾಟಗಾರರ ಗುರುತಿನ ಮತ್ತು ವಿಳಾಸದ ಪ್ರತಿಗಳು, ಮಾಲೀಕತ್ವ ಬದಲಾವಣೆಗೆ ಬೇಕಾದ, ಅವರ ಸಹಿಯಿರುವ ನಮೂನೆ 29 ಮತ್ತು 30 ಎಲ್ಲವನ್ನೂ ಪಡೆದುಕೊಳ್ಳಿ. ಬಿಲ್ಲು ಮುಖ್ಯ, ಏಕೆಂದರೆ ಇಲ್ಲಿ ಕಟ್ಟುವ ಲೈಫ್ ಟ್ಯಾಕ್ಸ್ ಲೆಕ್ಕಕ್ಕೆ ವಾಹನದ ಮೂಲ ಬೆಲೆ ಮತ್ತು ವಯಸ್ಸು ಬೇಕಾಗುತ್ತವೆ. ಗಾಡಿಯನ್ನು ವಶಕ್ಕೆ ಪಡೆದ ತಾರೀಖು ಮತ್ತು ಗಂಟೆಯನ್ನು ಡೆಲಿವರಿ ನೋಟಿನಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಹಿಂದಿನ ದಂಡ ಅವರದು, ಮುಂದಿನದು ನಿಮ್ಮದು ಎಂಬುದಕ್ಕೆ ಅದೇ ಸಾಕ್ಷಿ. ಹಳೆಯ ಫಾಸ್ಟ್ಯಾಗನ್ನು ಅವರಿಂದಲೇ ಮುಚ್ಚಿಸಿ.

ವಿಮೆಯಲ್ಲಿ ಅನೇಕರು ಎಡವುತ್ತಾರೆ. ಮಾಲೀಕತ್ವ ಬದಲಾದಾಗ ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆ ಹೊಸ ಮಾಲೀಕರಿಗೆ ತಾನಾಗಿಯೇ ಮುಂದುವರಿಯುತ್ತದೆ, ಆದರೆ ಗಾಡಿಗೇ ಆಗುವ ಹಾನಿಯ ರಕ್ಷಣೆ ಹಾಗಲ್ಲ. 157ನೇ ಕಲಮಿನಂತೆ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಅವರ ಬಳಿಯೇ ಉಳಿಯುತ್ತದೆ, ಆದ್ದರಿಂದ ಪ್ರೀಮಿಯಂ ಸ್ವಲ್ಪ ಹೆಚ್ಚಾಗುತ್ತದೆ.

ಪರ ರಾಜ್ಯದ ಗಾಡಿಯನ್ನು ಒಂದು ವರ್ಷ ಹಾಗೆಯೇ ಓಡಿಸಬಹುದು ಎಂಬ ಮಾತನ್ನು ನಂಬಿ ಕೂರಬೇಡಿ. 47ನೇ ಕಲಮಿನ 12 ತಿಂಗಳ ಅವಧಿ ಗಾಡಿಯನ್ನು ಬೇರೆ ರಾಜ್ಯದಲ್ಲಿ ಇಟ್ಟುಕೊಂಡವರ ಹೊಸ ನಂಬರಿಗೆ ಸಂಬಂಧಿಸಿದ್ದು. ಕೊಂಡವರು ಮಾಲೀಕತ್ವದ ಬದಲಾವಣೆಯನ್ನು 50ನೇ ಕಲಮಿನಂತೆ 30 ದಿನಗಳೊಳಗೆ ತಮ್ಮ ಕಚೇರಿಗೆ ತಿಳಿಸಲೇಬೇಕು. ನಾನು ಎರಡನೆಯ ಗಾಡಿಗೆ ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡಿಸಿದೆ. ಎನ್‌ಒಸಿ, ನಮೂನೆ 29 ಮತ್ತು 30ರ ಜೊತೆ ಹೊಸ ನಂಬರಿಗಾಗಿ ನಮೂನೆ 27, ವಿಳಾಸದ ದಾಖಲೆ, ಪ್ಯಾನ್, ಚಾಸಿ ನಂಬರಿನ ಅಚ್ಚು ಇವನ್ನು ಜೋಡಿಸಿ, ಶುಲ್ಕ ಮತ್ತು ತೆರಿಗೆ ಕಟ್ಟಿ, ಗಾಡಿಯನ್ನು ತಪಾಸಣೆಗೆ ಒಯ್ದರೆ ಇಲ್ಲಿಯ ಕೆಲಸ ಬಹುತೇಕ ಮುಗಿದಂತೆ. ಕರ್ನಾಟಕದ ತೆರಿಗೆ ಹಗುರವಲ್ಲ. ಅದನ್ನು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಂಡು ಗಾಡಿಯ ಬೆಲೆಗೆ ಕೂಡಿಸಿ ನೋಡಿದ ಮೇಲೂ ಲಾಭವಿದ್ದರೆ ಮಾತ್ರ ಗಡಿಯಾಚೆಯ ವ್ಯಾಪಾರಕ್ಕೆ ಅರ್ಥವಿದೆ.

ಹೊಸ ನಂಬರು ಬಂದ ಮೇಲೆ ಹೈ ಸೆಕ್ಯುರಿಟಿ ಪ್ಲೇಟ್ ಹಾಕಿಸಿ, ವಿಮೆಯಲ್ಲಿ ನಂಬರನ್ನು ತಿದ್ದಿಸಿ, ನಿಮ್ಮ ಹೆಸರಿನಲ್ಲಿ ಹೊಸ ಫಾಸ್ಟ್ಯಾಗ್ ಪಡೆಯಿರಿ. ಹಳೆಯ ರಾಜ್ಯದಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿದ್ದರೆ ಉಳಿದ ಅವಧಿಯ ಹಣವನ್ನು ಹಿಂದಕ್ಕೆ ಕೇಳಲು ಹೊಸ ಆರ್‌ಸಿಯ ಪ್ರತಿಯೊಂದಿಗೆ ಅಲ್ಲಿಯ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಆ ಹಣ ಯಾರಿಗೆ ಸೇರಬೇಕೆಂಬುದನ್ನು ಮುಂಗಡ ಕೊಡುವ ದಿನದ ಒಪ್ಪಂದದಲ್ಲಿಯೇ ಬರೆಸಿಕೊಂಡಿರಿ.