ಲ್ಯಾಟಿನ್, ಗ್ರೀಕ್ ಸ್ನಾತಕೋತ್ತರ ಓದು: ಲೆಕ್ಕವೆಲ್ಲ ಎರಡನೇ ಓದಿನದು

ಸ್ನಾತಕೋತ್ತರ ಹಂತಕ್ಕೆ ಬಂದವರಿಗೆ ವಿಭಕ್ತಿ ಪಟ್ಟಿಯಾಗಲಿ ಕ್ರಿಯಾರೂಪಗಳಾಗಲಿ ಹೊಸದಲ್ಲ. ಕಂಗೆಡಿಸುವುದು ಪ್ರಮಾಣ. ಇಡೀ ಸೆಮಿಸ್ಟರ್ ಒಂದೇ ಸರ್ಗ ಓದಿ ಅಭ್ಯಾಸವಾದವರ ಕೈಗೆ ಇಲ್ಲಿ ಎರಡೂ ಭಾಷೆಯ ಓದಿನ ಪಟ್ಟಿ ಬರುತ್ತದೆ, ಕೊನೆಗೆ ನಿಘಂಟಿಲ್ಲದೆ ಕೂತು ಅನುವಾದಿಸುವ ಪರೀಕ್ಷೆ. ಪಟ್ಟಿ ಬಂದ ದಿನ ನಾನು ಮಾಡಿದ ಮೊದಲ ಕೆಲಸ ಭಾಗಾಕಾರ. ವರ್ಜಿಲ್‌ನ ಲ್ಯಾಟಿನ್ ಮಹಾಕಾವ್ಯ ಈನಿಯಡ್‌ನಲ್ಲಿ 9,896 ಸಾಲು. ದಿನಕ್ಕೆ 40ರಂತೆ 248 ದಿನ. ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನಲ್ಲಿ 15,693 ಸಾಲು. ದಿನಕ್ಕೆ 50ರಂತೆ 314 ದಿನ. ಇದು ಎರಡೇ ಕೃತಿ, ಅದೂ ಒಂದೇ ಸಲ ಓದಿದರೆ. ತರಗತಿಯಲ್ಲಿ ಓದಿಸುವುದರಿಂದಲೇ ಪಟ್ಟಿ ಮುಗಿಯುತ್ತದೆ ಎಂಬ ಭ್ರಮೆ ಅಲ್ಲಿಗೆ ಹೋಯಿತು.

ಒಂದೇ ಸಲ ಓದಿದ್ದು ಓದಿದಂತಲ್ಲ. ಮೊದಲ ಓದು ನಿಘಂಟಿನ ಕೆಲಸ, ಗಂಟೆಗೆ 25–30 ಸಾಲು ಸಾಗಿದರೆ ದೊಡ್ಡದು. ಭಾಷೆ ಒಳಗೆ ಇಳಿಯುವುದು ಎರಡನೇ ಓದಿನಲ್ಲಿ. ಹಾಗಾಗಿ ಇವತ್ತಿನ ಹೊಸ ಸಾಲು ಮುಟ್ಟುವ ಮೊದಲು ನಿನ್ನೆಯ ಸಾಲುಗಳನ್ನು ಬರಿ ಪಠ್ಯದಲ್ಲಿ, ಟಿಪ್ಪಣಿ ಮುಚ್ಚಿಟ್ಟು, ಗಟ್ಟಿಯಾಗಿ ಓದುವುದು. ವಾರದ ಕೊನೆಗೆ ವಾರದ್ದೆಲ್ಲ ಒಂದೇ ಸಲಕ್ಕೆ ಓದುವುದು. ಹೊಸ 40 ಸಾಲಿಗೆ ಒಂದೂವರೆ ಗಂಟೆ ಹಿಡಿದರೆ ಹಳೆಯ 40ಕ್ಕೆ ಇಪ್ಪತ್ತು ನಿಮಿಷ ಸಾಕು. ಸಮಯ ಸಾಲದಾದಾಗ ಎಲ್ಲರೂ ಮೊದಲು ಕೈಬಿಡುವುದು ಈ ಇಪ್ಪತ್ತು ನಿಮಿಷವನ್ನೇ. ಕಡಿತ ಮಾಡಲೇಬೇಕಾದರೆ ಹೊಸ ಸಾಲುಗಳನ್ನು 40ರಿಂದ 25ಕ್ಕೆ ಇಳಿಸಿ, ಹಳೆಯದನ್ನು ಮುಟ್ಟಬೇಡಿ.

ಪದಸಂಪತ್ತಿನ ವಿಷಯಕ್ಕೆ ಬರೋಣ. ಅಮೆರಿಕದ ಡಿಕಿನ್ಸನ್ ಕಾಲೇಜಿನವರು ಆಯ್ದ ಮೂಲಪದಗಳ ಪಟ್ಟಿ ಇದೆ: ಲ್ಯಾಟಿನ್‌ಗೆ ಸುಮಾರು 1,000 ಪದ, ಗ್ರೀಕ್‌ಗೆ ಸುಮಾರು 500. ಸಾಮಾನ್ಯ ಲ್ಯಾಟಿನ್ ಪಠ್ಯದ ಸುಮಾರು ಶೇ. 70ರಷ್ಟು ಪದಗಳು ಆ ಸಾವಿರದಲ್ಲೇ ಸಿಗುತ್ತವೆ. ಕೇಳಲು ಹಿತ. ಆದರೆ ವರ್ಜಿಲ್‌ನ ಒಂದು ಸಾಲಿಗೆ ಆರೇಳು ಪದ. ಅಂದರೆ ಪ್ರತಿ ಸಾಲಿನಲ್ಲೂ ಎರಡು ಪದ ಗೊತ್ತಿಲ್ಲದೆ ಉಳಿಯುತ್ತವೆ, ಸಾಲಿನ ತಿರುಳು ಹೆಚ್ಚಾಗಿ ಆ ಎರಡರಲ್ಲೇ ಇರುತ್ತದೆ. ಇದಕ್ಕೆ ಹಳೆಯ ಉಪಾಯವೇ ಒಳ್ಳೆಯದು. ನಿಘಂಟಿನಲ್ಲಿ ಪದ ಹುಡುಕಿದಾಗಲೆಲ್ಲ ಅದರ ಪಕ್ಕ ಪೆನ್ಸಿಲಿನಿಂದ ಒಂದು ಚುಕ್ಕಿ. ಮೂರನೇ ಚುಕ್ಕಿ ಬಿದ್ದ ಪದವನ್ನು ಮಾತ್ರ ಚೀಟಿಗೆ ಏರಿಸಿ ಬಾಯಿಪಾಠ ಮಾಡುವುದು. ಪರದೆಯ ಮೇಲೆ ಪದ ಒತ್ತಿದರೆ ಅರ್ಥ, ವಿಭಕ್ತಿ, ವಚನ ಎಲ್ಲ ಬಿಚ್ಚಿಡುವ ಸಾಧನಗಳು ಅಪರೂಪದ ರೂಪಕ್ಕೆ ಸರಿ. ದಿನವೂ ಅದರಲ್ಲೇ ಓದಿದರೆ ಒತ್ತಿದ ಪದ ತಲೆಯಲ್ಲಿ ಉಳಿಯುವುದಿಲ್ಲ. ಒಂದು ರೂಪಕ್ಕೆ ನಾಲ್ಕು ವಿವರಣೆ ತೋರಿಸಿದಾಗ ಮೇಲಿರುವುದನ್ನೇ ನಂಬುವ ಚಾಳಿಯೂ ಅಂಟಿಕೊಳ್ಳುತ್ತದೆ. ಲೋಬ್ ಮಾಲೆಯ ದ್ವಿಭಾಷಾ ಪುಸ್ತಕಗಳಲ್ಲಿ ಎಡಕ್ಕೆ ಮೂಲ, ಬಲಕ್ಕೆ ಅನುವಾದ. ಬಲಪುಟಕ್ಕೆ ಒಂದು ರಟ್ಟು ಅಡ್ಡ ಇಟ್ಟುಕೊಂಡೇ ಓದಬೇಕು.

ನಿಘಂಟು ಆರಿಸುವಾಗ ಕಾಲವ್ಯಾಪ್ತಿ ನೋಡಿ. ಆಕ್ಸ್‌ಫರ್ಡ್ ಲ್ಯಾಟಿನ್ ನಿಘಂಟು ಸುಮಾರು ಕ್ರಿ.ಶ. 200ಕ್ಕೆ ನಿಲ್ಲುತ್ತದೆ. ಆಮೇಲಿನ ಕ್ರೈಸ್ತ ಲೇಖಕರಾದ ಅಗಸ್ಟೀನ್, ಜೆರೋಮ್ ಓದುವವರು 1879ರ ಲೂಯಿಸ್–ಶಾರ್ಟ್ ನಿಘಂಟಿಗೇ ಹೋಗಬೇಕು. ಮ್ಯೂನಿಕ್‌ನ ಲ್ಯಾಟಿನ್ ಮಹಾಕೋಶದ ಕೆಲಸ 1894ರಲ್ಲಿ ಶುರುವಾಗಿದ್ದು ಇನ್ನೂ ಮುಗಿದಿಲ್ಲ, ಅದರ ವಿವರಣೆಯೂ ಲ್ಯಾಟಿನ್‌ನಲ್ಲೇ. ಗ್ರೀಕ್‌ಗೆ ಲಿಡೆಲ್–ಸ್ಕಾಟ್–ಜೋನ್ಸ್. ಅದರಲ್ಲಿ ಕೆಲವು ಅಶ್ಲೀಲ ಪದಗಳ ಅರ್ಥವನ್ನು ಇಂಗ್ಲಿಷಿನಲ್ಲಿ ಕೊಡಲು ನಾಚಿ ಲ್ಯಾಟಿನ್‌ನಲ್ಲಿ ಕೊಟ್ಟಿದ್ದಾರೆ. ಹಾಸ್ಯನಾಟಕಕಾರ ಅರಿಸ್ಟೊಫನೀಸ್‌ನ ನಗೆಚಟಾಕಿ ಅರ್ಥವಾಗಲು ಎರಡೂ ಭಾಷೆ ಬೇಕು!

ಗ್ರೀಕ್‌ನಲ್ಲಿ ನಿಜವಾದ ತೊಡಕು ಅರ್ಥದ್ದಲ್ಲ, ಕಂಡ ರೂಪದಿಂದ ನಿಘಂಟಿನ ಪದಕ್ಕೆ ಹಿಂದಿರುಗುವುದು. ‘ಅಪೆಬಲೊನ್’ ಎಂಬುದು ಆ ರೂಪದಲ್ಲಿ ನಿಘಂಟಿನಲ್ಲಿಲ್ಲ. ಭೂತಕಾಲದ ‘ಎ’ ಪದದ ಆರಂಭದಲ್ಲಿ ಬರದೆ ಉಪಸರ್ಗ ಮತ್ತು ಧಾತುವಿನ ನಡುವೆ ನುಸುಳಿಕೊಂಡು ‘ಅಪೊ’ದ ‘ಒ’ವನ್ನು ನುಂಗಿದೆ. ಅದನ್ನು ಬಿಡಿಸಿದರೆ ‘ಅಪೊಬಲ್ಲೋ’. ಸಂಧಿ ಬಿಡಿಸಿ ಗೊತ್ತಿರುವವರಿಗೆ ಇದು ಕಷ್ಟವಲ್ಲ. ಕಷ್ಟ ಕೊಡುವುದು ‘ಫೆರೋ’ ತರಹದವು: ಭವಿಷ್ಯತ್ತಿನಲ್ಲಿ ‘ಒಯ್ಸೋ’, ಭೂತದಲ್ಲಿ ‘ಏನೆಂಕೊನ್’. ಇಂಥ ನೂರು ಕ್ರಿಯಾಪದಗಳ ಆರಾರು ಮೂಲರೂಪಗಳನ್ನು ಮಗ್ಗಿಯಂತೆ ಒಪ್ಪಿಸುವವರೆಗೆ ಓದಿಗೆ ವೇಗ ಬರುವುದಿಲ್ಲ. ಸ್ವರಚಿಹ್ನೆಗಳನ್ನು (ದನಿಯ ಏರಿಳಿತ ತೋರಿಸುವ ಗುರುತುಗಳು) ಅಲಂಕಾರವೆಂದು ಬಿಟ್ಟರೂ ಏಟು ಬೀಳುತ್ತದೆ. ‘ಮೆನೋ’ದಲ್ಲಿ ಆ ಗುರುತು ಮೊದಲ ಅಕ್ಷರದ ಮೇಲಿದ್ದರೆ ‘ಉಳಿಯುತ್ತೇನೆ’ ಎಂಬ ವರ್ತಮಾನ, ಕೊನೆಯದರ ಮೇಲಿದ್ದರೆ ಭವಿಷ್ಯತ್ತು. ಅಕ್ಷರಗಳಲ್ಲಿ ವ್ಯತ್ಯಾಸವೇ ಇಲ್ಲ.

ಗ್ರೀಕ್‌ನ ಅವ್ಯಯಗಳಿಗೆ ಕನ್ನಡದಲ್ಲಿ ಒಳ್ಳೆಯ ಜೊತೆ ಸಿಗುತ್ತದೆ, ಇಂಗ್ಲಿಷಿನ ಮೂಲಕ ಹೋದರೆ ತಪ್ಪಿಹೋಗುತ್ತದೆ. ‘ಎಗೋ’ ಅಂದರೆ ನಾನು. ‘ಎಗೋಗೆ’ ಅಂದರೆ ನಾನಂತೂ. ‘ಹೊ ಮೆನ್… ಹೊ ದೆ…’ ಬಂದರೆ ‘ಅವನು ಹೋದ, ಇವನೋ ಉಳಿದ’ ಎಂಬ ಧಾಟಿ. ‘ದೆ’ ಕಂಡಲ್ಲೆಲ್ಲ ‘ಆದರೆ’ ಎಂದು ಬರೆದರೆ ಇಲ್ಲದ ವಿರೋಧ ಹುಟ್ಟಿಕೊಳ್ಳುತ್ತದೆ. ಬಹಳ ಕಡೆ ಅದು ಬರೀ ಮುಂದಿನ ವಾಕ್ಯಕ್ಕೆ ಕೊಂಡಿ.

ಲ್ಯಾಟಿನ್‌ನಲ್ಲಿ ನಮ್ಮ ಅಭ್ಯಾಸ ಕೈಕೊಡುವ ಜಾಗ ಪರೋಕ್ಷ ಕಥನ. ನಾವು ‘ಎಂದು’ ಹಾಕಿ ಮುಗಿಸುತ್ತೇವೆ. ಅಲ್ಲಿ ಒಳವಾಕ್ಯದ ಕರ್ತೃ ದ್ವಿತೀಯಾ ವಿಭಕ್ತಿಗೆ ಹೋಗುತ್ತದೆ, ಕ್ರಿಯಾಪದ ಭಾವರೂಪಕ್ಕೆ (‘ಗೆಲ್ಲುವುದು’ ತರಹದ್ದು). ಕರ್ಮವೂ ದ್ವಿತೀಯೆಯಲ್ಲೇ ಇದ್ದರೆ? ರೋಮನರ ಮೇಲೆ ಯುದ್ಧಕ್ಕೆ ಬಂದ ಪಿರ್ರಸ್ ದೊರೆಗೆ ಸಿಕ್ಕಿತೆಂದು ಹಳೆಯ ರೋಮನ್ ಕವಿ ಎನ್ನಿಯಸ್ ಹೇಳುವ ಕಣಿ ಇದಕ್ಕೆ ಮಾದರಿ: ‘ಅಯ್ಯೋ ತೇ, ಐಅಕಿದಾ, ರೋಮಾನೋಸ್ ವಿಂಕೆರೆ ಪೊಸ್ಸೆ.’ (ಇಲ್ಲಿ ‘ಅಯ್ಯೋ’ ಅಂದರೆ ‘ಹೇಳುತ್ತೇನೆ’, ಗೋಳಲ್ಲ.) ‘ಐಅಕಿದಾ’ ಎಂಬುದು ಪಿರ್ರಸ್‌ನನ್ನು ವಂಶದ ಹೆಸರಿನಿಂದ ಕರೆದದ್ದು, ‘ತೇ’ ಅಂದರೆ ನಿನ್ನನ್ನು, ‘ರೋಮಾನೋಸ್’ ಅಂದರೆ ರೋಮನರನ್ನು, ‘ವಿಂಕೆರೆ ಪೊಸ್ಸೆ’ ಅಂದರೆ ಗೆಲ್ಲಬಲ್ಲುದು. ನೀನು ರೋಮನರನ್ನು ಗೆಲ್ಲಬಲ್ಲೆ ಎಂದೂ ಆಗುತ್ತದೆ, ರೋಮನರು ನಿನ್ನನ್ನು ಗೆಲ್ಲಬಲ್ಲರು ಎಂದೂ ಆಗುತ್ತದೆ. ಇದು ಬೇಕೆಂದೇ ಹೆಣೆದ ದ್ವಂದ್ವಾರ್ಥ. ಇತಿಹಾಸ ಬರೆದ ಲಿವಿ, ಸೀಸರ್‌ನಲ್ಲಿ ಪುಟಗಟ್ಟಲೆ ಪರೋಕ್ಷ ಕಥನ ಬಂದಾಗ ಅರ್ಥ ಸಂದರ್ಭದಿಂದ ತಿಳಿಯಾಗುತ್ತದೆ, ಆದರೆ ‘ಹೇಳಿದನು’ ಎಂಬ ಕ್ರಿಯಾಪದ ಹತ್ತು ಸಾಲು ಹಿಂದೆ ಉಳಿದಿರುತ್ತದೆ. ಅದರ ಕೆಳಗೆ ಗೆರೆ ಎಳೆದು, ಕಥನ ಮುಗಿಯುವಲ್ಲಿ ಇನ್ನೊಂದು ಗೆರೆ ಎಳೆಯುವುದು ನನ್ನ ರೂಢಿ. ಭಾವರೂಪಗಳು ನಿಂತು ಪೂರ್ಣಕ್ರಿಯೆ ಮರಳಿತೆಂದರೆ ಸಾಮಾನ್ಯವಾಗಿ ಅದೇ ಮುಕ್ತಾಯ.

ಛಂದಸ್ಸಿಗೆ ಕನ್ನಡದವರು ಹೆದರಬೇಕಾಗಿಲ್ಲ. ವೀರಕಾವ್ಯದ ಸಾಲಿಗೆ ಆರು ಗಣ, ಗಣಕ್ಕೆ ನಾಲ್ಕು ಮಾತ್ರೆ: ಒಂದೋ ಭಗಣ, ಇಲ್ಲವೇ ಎರಡು ಗುರು. ಐದನೆಯದು ಬಹುಪಾಲು ಭಗಣವೇ. ಆರನೆಯದರಲ್ಲಿ ಎರಡೇ ಅಕ್ಷರ, ಕೊನೆಯದು ಲಘುವಾದರೂ ಗುರುವೆಂದೇ ಲೆಕ್ಕ. ಈನಿಯಡ್‌ನ ಮೊದಲ ಸಾಲು ಹೀಗೆ ಒಡೆಯುತ್ತದೆ: ಅರ್‌–ಮ–ವಿ | ರುಂ–ಕ್ವೆ–ಕ | ನೋ–ತ್ರೋ | ಯೈ–ಕ್ವೀ | ಪ್ರೀ–ಮು–ಸ | ಬೋ–ರೀಸ್. ಎರಡು ಹೊಂಡ ಮಾತ್ರ ನೋಡಿಕೊಳ್ಳಿ. ‘ಕ್ವ’ ನಮ್ಮ ಲಿಪಿಯಲ್ಲಿ ಒತ್ತಕ್ಷರ, ಲ್ಯಾಟಿನ್ ಲೆಕ್ಕದಲ್ಲಿ ಒಂದೇ ವ್ಯಂಜನ. ಆದ್ದರಿಂದ ‘ಅಕ್ವ’ದ ‘ಅ’ ಲಘುವೇ. ಇನ್ನೊಂದು, ಲೋಪಸಂಧಿ ಬರಹದಲ್ಲಿ ಕಾಣುವುದಿಲ್ಲ. ಮೂರನೇ ಸಾಲಿನಲ್ಲಿ ‘ಮುಲ್ತುಂ ಇಲ್ಲೆ ಎತ್’ ಎಂದು ಬರೆದಿದ್ದರೂ ಎಣಿಸುವಾಗ ‘ಮುಲ್ತಿಲ್ಲೆತ್’; ಸ್ವರಕ್ಕೆ ಮೊದಲು ಬರುವ ‘ಉಂ’ ಕೂಡ ಬಿದ್ದುಹೋಗುತ್ತದೆ. ‘ತ್ರ’, ‘ಪ್ಲ’ ಬಗೆಯ ಒತ್ತಕ್ಷರದ ಹಿಂದಿನ ಹ್ರಸ್ವ ಕೆಲವೆಡೆ ಗುರು, ಕೆಲವೆಡೆ ಲಘು. ಹಳಗನ್ನಡದ ಶಿಥಿಲದ್ವಿತ್ವ (ಒತ್ತಕ್ಷರವಿದ್ದರೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದು) ನೆನಪಿದ್ದರೆ ಇದಕ್ಕೆ ಬೇರೆ ಪಾಠ ಬೇಡ.

ಗ್ರಂಥಸಂಪಾದನೆಯ ಅಡಿಟಿಪ್ಪಣಿಯನ್ನು ಪುಟದ ಕೊಳೆ ಎಂಬಂತೆ ದಾಟಿ ಹೋಗುವವರೇ ಹೆಚ್ಚು. ದಿನಕ್ಕೆ ಹತ್ತು ಸಾಲಿನ ಪಾಠಾಂತರ (ಹಸ್ತಪ್ರತಿಗಳ ನಡುವಿನ ವ್ಯತ್ಯಾಸ) ಓದಿದರೂ ಸಾಕು. ಮೊದಲು ಸಂಪುಟದ ಆರಂಭದ ಸಂಕೇತಪಟ್ಟಿ ನಕಲು ಮಾಡಿಕೊಳ್ಳಿ. ವರ್ಜಿಲ್‌ಗಾದರೆ ಎಂ, ಪಿ, ಆರ್ ಎಂದರೆ ಮೆಡಿಚಿ, ಪಲಾಟೀನ್, ರೋಮನ್ ಹಸ್ತಪ್ರತಿಗಳು. ಕಂಸಗಳ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಕಾವ್ಯದ ಮುದ್ರಿತ ಪಠ್ಯದಲ್ಲಿ ಚೌಕ ಕಂಸ ಸಾಮಾನ್ಯವಾಗಿ ‘ಹಸ್ತಪ್ರತಿಯಲ್ಲಿದೆ, ಆದರೆ ಪ್ರಕ್ಷಿಪ್ತ, ಅಂದರೆ ಆಮೇಲೆ ಯಾರೋ ಸೇರಿಸಿದ್ದು’ ಎಂದು ಹೇಳುತ್ತದೆ. ಪಪೈರಸ್, ಶಾಸನಗಳಲ್ಲಿ ಅದೇ ಕಂಸ ‘ಇಲ್ಲಿ ಅಳಿದುಹೋಗಿದೆ, ನಾವು ತುಂಬಿದ್ದೇವೆ’ ಎನ್ನುತ್ತದೆ. ಒಂದು ಇರುವುದನ್ನು ತೆಗೆಯುವುದು, ಇನ್ನೊಂದು ಇಲ್ಲದ್ದನ್ನು ಸೇರಿಸುವುದು. ಪ್ರಬಂಧದಲ್ಲಿ ಎರಡನ್ನೂ ಉಲ್ಲೇಖಿಸುವವರು ಯಾವ ಪದ್ಧತಿ ಎಂದು ಹೇಳಲೇಬೇಕು.

ಈ ವಿಷಯದ ಸಂಶೋಧನಾ ಬರಹಗಳಿಗಾಗಿ ಜರ್ಮನ್, ಜೊತೆಗೆ ಫ್ರೆಂಚ್ ಅಥವಾ ಇಟಾಲಿಯನ್ ಓದಿ ತಿಳಿಯುವ ಮಟ್ಟಿಗೆ ಬೇಕೇ ಬೇಕು. ಮೊದಲ ದೀರ್ಘ ರಜೆಯಲ್ಲೇ ಮುಗಿಸಿ, ಆಮೇಲೆ ಬಿಡುವು ಸಿಗದು.

ಇನ್ನು ಪರೀಕ್ಷೆ. ಕೊಟ್ಟ ಭಾಗವನ್ನು ಪೆನ್ನು ಎತ್ತದೆ ಎರಡು ಸಲ ಓದಿ. ಮೊದಲ ಸಲ ಪೂರ್ಣಕ್ರಿಯೆಗಳು, ಎರಡನೇ ಸಲ ಉಪವಾಕ್ಯ ತೆರೆಯುವ ಪದಗಳು. ಬರೆಯುವಾಗ ವ್ಯಾಕರಣ ಎದ್ದು ಕಾಣುವಂತೆ ಬರೆಯಿರಿ. ಸೊಗಸಿಗಿಂತ ಇಲ್ಲಿ ನಿಷ್ಠೆಗೇ ಅಂಕ. ಗೊತ್ತಿಲ್ಲದ ನಾಮಪದಕ್ಕೆ ಜಾಗ ಖಾಲಿ ಬಿಡಬೇಡಿ. ವಿಭಕ್ತಿ, ವಚನ ಸರಿಯಿಟ್ಟು ‘ಏನೋ ಆಯುಧದಿಂದ’ ಎಂದು ಊಹಿಸಿದರೂ ವಾಕ್ಯರಚನೆ ತಿಳಿದಿದೆ ಎಂಬುದು ಗೊತ್ತಾಗುತ್ತದೆ. ಕೊನೆಯ ಹದಿನೈದು ನಿಮಿಷ ಮೂಲದ ಪದಗಳನ್ನು ಬೆರಳಿಟ್ಟು ಎಣಿಸುತ್ತಾ ಹೋಗಿ: ಕೃದಂತದ ಕಾಲ, ಕರ್ಮಣಿ ಪ್ರಯೋಗ, ಏಕವಚನ–ಬಹುವಚನ, ಬಿಟ್ಟುಹೋದ ಅವ್ಯಯ. ತುಂಬಾ ಸಲ ಬಿಟ್ಟುಹೋಗಿರುವುದು ಲ್ಯಾಟಿನ್‌ನ ಪುಟ್ಟ ‘ನಮ್’ ಅಥವಾ ಗ್ರೀಕ್‌ನ ‘ಗರ್’, ಎರಡಕ್ಕೂ ‘ಏಕೆಂದರೆ’ ಎಂದೇ ಅರ್ಥ.