ಮೀಟರ್ ಹೇಳುವುದು ನೂರು, ಬಿಲ್ ಹೇಳುವುದು ಸಾವಿರದ ನೂರು

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು ಚಳಿಗಾಲದ ಮೊದಲ ಗ್ಯಾಸ್ ಬಿಲ್ ಕೈಗೆ ಬಂದ ಕೂಡಲೇ ಫೋಟೊ ತೆಗೆದು ನನಗೆ ಕಳಿಸುತ್ತಾರೆ. "ಅಣ್ಣ, ಮೀಟರ್ ಓಡಿದ್ದು ಬರೀ ನೂರು, ಇವರು ಸಾವಿರದ ನೂರು ಯೂನಿಟ್ ಹಾಕಿದಾರೆ!" ಮೋಸವೇನಿಲ್ಲ. ಮೀಟರ್ ಅಳೆಯುವುದು ಗ್ಯಾಸಿನ ಗಾತ್ರವನ್ನು, ಇಲ್ಲಿ ದುಡ್ಡು ಕಟ್ಟುವುದು ಅದರ ಶಾಖಕ್ಕೆ. ಬೆಂಗಳೂರಿನಲ್ಲಿ ಪೈಪ್ ಗ್ಯಾಸ್ ಬಿಲ್ ಘನ ಮೀಟರ್ ಲೆಕ್ಕದಲ್ಲೇ ಬರುವುದರಿಂದ ಈ ಗಾಬರಿ.

ಬಿಲ್ ಬಂದಾಗ ನಾನು ಮೊದಲು ನೋಡುವುದು ರೀಡಿಂಗ್ ಪಕ್ಕ 'ಅಂದಾಜು' ಎಂದಿದೆಯೇ ಎಂದು. ಇದ್ದರೆ ಮುಂದಿನ ಲೆಕ್ಕವೇ ದಂಡ. ಮೀಟರ್ ಓದಿ ಕಳಿಸಿ ಹೊಸ ಬಿಲ್ ಕೇಳುತ್ತೇನೆ. ರೀಡಿಂಗ್ ಸರಿಯಿದ್ದರೆ ಕ್ಯಾಲ್ಕುಲೇಟರ್ ಹಿಡಿಯುತ್ತೇನೆ. 100 ಘನ ಮೀಟರ್ ಉರಿಸಿದ್ದೇವೆ ಅಂದುಕೊಳ್ಳಿ. ಅದನ್ನು 1.02264ರಿಂದ ಗುಣಿಸಿ, ಬಿಲ್‌ನಲ್ಲೇ ಕೊಟ್ಟಿರುವ ಕ್ಯಾಲೊರಿಫಿಕ್ ವ್ಯಾಲ್ಯೂನಿಂದ (39.5 ಎನ್ನೋಣ) ಮತ್ತೆ ಗುಣಿಸಿ, 3.6ರಿಂದ ಭಾಗಿಸಿದರೆ 1,122 ಯೂನಿಟ್, ಅಂದರೆ ಕಿಲೋವ್ಯಾಟ್ ಅವರ್. ನಮ್ಮೂರಿನ 14.2 ಕೆಜಿ ಸಿಲಿಂಡರ್ ಲೆಕ್ಕದಲ್ಲಿ ಹತ್ತಿರಹತ್ತಿರ ಆರು ಸಿಲಿಂಡರ್. ಮನೆ ಬೆಚ್ಚಗಿಡುವುದೆಂದರೆ ಅಡುಗೆ ಮಾಡಿದಂತಲ್ಲ!

ಆ 39.5 ಎಂದರೆ ಒಂದು ಘನ ಮೀಟರ್ ಗ್ಯಾಸ್ ಉರಿದಾಗ ಬರುವ ಶಾಖ, ಮೆಗಾಜೂಲ್‌ನಲ್ಲಿ. ಇದನ್ನು ನಮ್ಮ ಮನೆಯಲ್ಲಿ ಯಾರೂ ಅಳೆಯುವುದಿಲ್ಲ. ಉತ್ತರ ಸಮುದ್ರದ ಗ್ಯಾಸ್, ಹಡಗಿನಲ್ಲಿ ಬಂದ ಎಲ್‌ಎನ್‌ಜಿ (ತಣಿಸಿ ದ್ರವ ಮಾಡಿದ ಗ್ಯಾಸ್) ಎಲ್ಲ ಒಂದೇ ಜಾಲಕ್ಕೆ ಸೇರುತ್ತವೆ. ಗ್ಯಾಸ್ ಪ್ರದೇಶದೊಳಕ್ಕೆ ಬರುವ ಜಾಗಗಳಲ್ಲಿ ಕ್ರೊಮ್ಯಾಟೊಗ್ರಾಫ್ ಯಂತ್ರಗಳು ಅದರಲ್ಲಿ ಮೀಥೇನ್ ಎಷ್ಟು, ಈಥೇನ್ ಎಷ್ಟು ಎಂದು ನೋಡಿ ಶಾಖ ಲೆಕ್ಕ ಹಾಕುತ್ತವೆ. ಅದರಿಂದ ಪ್ರತಿ ಪ್ರದೇಶಕ್ಕೂ ದಿನದ ಸರಾಸರಿ, ಬಿಲ್ ಅವಧಿಗೆ ಆ ದಿನಗಳ ಸರಾಸರಿ. ನಿಮ್ಮ ಬಿಲ್‌ನ ಅಂಕಿ 37.5ರಿಂದ 43ರೊಳಗೆ ಇಲ್ಲದಿದ್ದರೆ ಫೋನ್ ಮಾಡಿ. ಅಂದಹಾಗೆ, ಈ ಅಂಕಿಯಲ್ಲಿ ಗ್ಯಾಸ್ ಉರಿದಾಗ ಹುಟ್ಟುವ ನೀರಾವಿಯ ಶಾಖವೂ ಸೇರಿದೆ. ನೀರು ಕಾಯಿಸಿ ಮನೆ ಬೆಚ್ಚಗಿಡುವ ಬಾಯ್ಲರ್‌ನ ಕೊಳವೆಯಿಂದ ಬೆಳಗ್ಗೆ ಬುಸುಬುಸು ಹೋಗುವ ಆವಿಗೂ ನೀವು ದುಡ್ಡು ಕೊಟ್ಟಿದ್ದೀರಿ. ನಾನು ಬಾಯ್ಲರ್ ನೀರಿನ ಬಿಸಿ ಇಳಿಸಿಟ್ಟಿರುವುದು ಅದಕ್ಕೇ. ಮನೆಯೆಲ್ಲ ಸುತ್ತಿ ಬಾಯ್ಲರ್‌ಗೆ ತಿರುಗಿ ಬರುವ ನೀರು 55 ಡಿಗ್ರಿಗಿಂತ ಕೆಳಗಿದ್ದರೆ ಆವಿ ಒಳಗೇ ಹನಿಗಟ್ಟಿ ಶಾಖ ಬಿಟ್ಟುಕೊಡುತ್ತದೆ.

ನನಗೆ ಮಜಾ ಅನಿಸುವುದು 1.02264. ಗ್ಯಾಸ್ ಬಿಸಿಯಾದರೆ ಹಿಗ್ಗುತ್ತದೆ, ಒತ್ತಡ ಹೆಚ್ಚಿದರೆ ಕುಗ್ಗುತ್ತದೆ; ಎತ್ತರಕ್ಕೆ ಹೋದಷ್ಟೂ ಒತ್ತಡ ಕಡಿಮೆ. ಮನೆಮನೆಗೂ ಥರ್ಮಾಮೀಟರ್ ಇಡಲಾಗದೆ, 1996ರ ನಿಯಮಗಳು ಎಲ್ಲರ ಗ್ಯಾಸೂ 12.2 ಡಿಗ್ರಿ, ಎಲ್ಲರ ಮನೆಯೂ ಸಮುದ್ರಮಟ್ಟದಿಂದ 67.5 ಮೀಟರ್ ಮೇಲೆ ಎಂದು ಹಿಡಿದು ಬಂದ ಈ ಒಂದೇ ಅಂಕಿಯನ್ನು ಎಲ್ಲರಿಗೂ ಹಚ್ಚಿವೆ. ನನ್ನ ಮೀಟರ್ ಹೊರಗೋಡೆಯ ಪೆಟ್ಟಿಗೆಯಲ್ಲಿದೆ. ಜನವರಿಯಲ್ಲಿ ಗ್ಯಾಸ್ 2 ಡಿಗ್ರಿಗೆ ಇಳಿದರೆ ಅಷ್ಟೇ ರೀಡಿಂಗ್‌ಗೆ ಸುಮಾರು ಮೂರೂವರೆ ಶೇಕಡಾ ಹೆಚ್ಚು ಗ್ಯಾಸ್ ನನಗೆ ಲಾಭ. ಬೆಟ್ಟದ ಊರು ಬಕ್ಸ್‌ಟನ್, ಸುಮಾರು 300 ಮೀಟರ್ ಎತ್ತರ. ಅಲ್ಲಿ ಮೀಟರ್ ಬೆಚ್ಚನೆಯ ಅಡುಗೆಮನೆಯಲ್ಲಿದ್ದರಂತೂ ಎರಡೂ ಕಡೆಯಿಂದ ನಷ್ಟ.

ಇವೆಲ್ಲ ಚಿಲ್ಲರೆ. ದೊಡ್ಡ ಪೆಟ್ಟು ಬೀಳುವುದು ಮೀಟರ್ ಜಾತಿ ತಪ್ಪಾದಾಗ. ಹಳೆಯ ಮೀಟರ್‌ಗಳು ನೂರು ಘನ ಅಡಿಗಳಲ್ಲಿ ಎಣಿಸುತ್ತವೆ, ಆ ರೀಡಿಂಗನ್ನು 2.83ರಿಂದ ಗುಣಿಸಿ ಘನ ಮೀಟರ್ ಮಾಡಬೇಕು. ನನಗೆ ಫೋಟೊ ಕಳಿಸಿದ ಒಬ್ಬ ಹುಡುಗನ ಮನೆಯಲ್ಲಿ ಹಳೆಯದನ್ನು ತೆಗೆದು ಹೊಸದು ಕೂರಿಸಿದ್ದರು. ಕಂಪನಿಯ ದಾಖಲೆಯಲ್ಲಿ ಮಾತ್ರ ಹಳೆಯದೇ ಉಳಿದಿತ್ತು. ಹೊಸ ಮೀಟರ್‌ನ ರೀಡಿಂಗನ್ನೂ 2.83ರಿಂದ ಗುಣಿಸಿ, ಉರಿಸಿದ್ದಕ್ಕೆ ಮೂರು ಪಟ್ಟಿನಷ್ಟು ಬಿಲ್. ಫೋನಿನಲ್ಲಿ ಎಷ್ಟು ಹೇಳಿದರೂ ಕೆಲಸವಾಗಲಿಲ್ಲ. ಮೀಟರ್ ಮುಖದ ಮೇಲಿನ ಘನ ಮೀಟರ್ ಗುರುತು, ಸೀರಿಯಲ್ ನಂಬರ್, ಅಂಕಿ ಮೂರೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆದು, ಮೇಲಿನ ಲೆಕ್ಕ ಬರೆದು ಇಮೇಲ್ ಹಾಕಿಸಿದೆ. ಹೆಚ್ಚುವರಿ ದುಡ್ಡು, ಅದರ ಮೇಲಿನ 5% ವ್ಯಾಟ್ ಸಮೇತ ವಾಪಸ್ ಬಂತು. ಸ್ಟ್ಯಾಂಡಿಂಗ್ ಚಾರ್ಜ್ ಮಾತ್ರ ಹಾಗೇ ಉಳಿಯಿತು; ಅದು ದಿನದ ಬಾಡಿಗೆ, ಒಲೆ ಹಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ.